‘ಕೈಚಳಕ’, ‘ಕೈಗುಣ’, ‘ಹದ’: ಲೇತಿನ ಮುಂದೆ ನಿಂತವರ ಕುಶಲತೆಗೆ ಯಾವ ಮಾತು?

ಮಾನ್ಯರೇ,

ತುಕ್ಕು ಹಿಡಿದ ಹಳೆಯ ಯಂತ್ರಗಳನ್ನು ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಲೇತಿನಲ್ಲಿ, ಅಂದರೆ ಲೋಹವನ್ನು ತಿರುಗಿಸುತ್ತ ಕಡೆಯುವ ಯಂತ್ರದಲ್ಲಿ, ಹೊಸದಾಗಿ ಕಡೆದು ಮತ್ತೆ ಜೋಡಿಸುವ ವೀಡಿಯೊಗಳನ್ನು ರಾತ್ರಿ ಊಟವಾದ ಮೇಲೆ ಕುಳಿತು ನೋಡುವವರು ಈಗ ನಮ್ಮ ತೀರ್ಥಹಳ್ಳಿ ಕಡೆಯ ಮನೆಗಳಲ್ಲಿಯೂ ಇದ್ದಾರೆ, ನಾನೂ ಅವರಲ್ಲೊಬ್ಬ. ಇಂಥ ಎಷ್ಟೋ ವೀಡಿಯೊಗಳಲ್ಲಿ ಮಾತೇ ಇರುವುದಿಲ್ಲ, ಕೆಲಸಗಾರರ ಮುಖವೂ ಕಾಣುವುದಿಲ್ಲ. ಕಾಣುವುದು ಎರಡು ಕೈಗಳು ಮಾತ್ರ. ಆ ಕೈಗಳನ್ನು ಮೆಚ್ಚಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯಹೊರಟರೆ, ಅವುಗಳ ಕುಶಲತೆಯನ್ನು ಹೆಸರಿಸುವ ನಾಮಪದವೊಂದು ಬೇಕಾಗುತ್ತದೆ. ಪದಗಳು ಹಲವಿದ್ದರೂ ಒಂದೊಂದರ ಬಗ್ಗೆಯೂ ನನಗೆ ಒಂದೊಂದು ತಕರಾರಿದೆ. ಆದ್ದರಿಂದ ಬಲ್ಲವರ ಮುಂದೆ ಇದನ್ನು ಇಡುತ್ತಿದ್ದೇನೆ.

ಎಂಥ ಕೆಲಸದ ಮಾತು ಎಂಬುದು ಮೊದಲು ಸ್ಪಷ್ಟವಾಗಬೇಕು. ಎರಕದ ಕಬ್ಬಿಣದ ಹಲಗೆಯೊಂದನ್ನು ಸಮತಟ್ಟು ಮಾಡುವುದನ್ನೇ ತೆಗೆದುಕೊಳ್ಳಿ. ಯಂತ್ರದಿಂದ ಬಂದ ಹಲಗೆ ಕಣ್ಣಿಗೆ ಸಮವಾಗಿಯೇ ತೋರುತ್ತದೆ. ಸಮವೆಂದು ಖಚಿತವಾಗಿರುವ ಇನ್ನೊಂದು ಹಲಗೆಗೆ ನೀಲಿ ಬಣ್ಣವನ್ನು ತೆಳ್ಳಗೆ ಸವರಿ, ಅದರ ಮೇಲೆ ಇದನ್ನು ಮೆಲ್ಲನೆ ಆಡಿಸಿ ಎತ್ತಿದಾಗ, ಉಬ್ಬಿದ ಜಾಗಗಳಿಗೆ ಮಾತ್ರ ನೀಲಿ ಹತ್ತಿಕೊಂಡಿರುತ್ತದೆ. ಆ ಚುಕ್ಕೆಗಳನ್ನಷ್ಟೇ ಚಪ್ಪಟೆ ಬಾಯಿಯ ಉಳಿಯಿಂದ ಒಂದೊಂದಾಗಿ ಹೆರೆಯಬೇಕು. ಒಂದು ಸಲಕ್ಕೆ ಹೋಗುವುದು ಮಿಲಿಮೀಟರಿನ ಸಾವಿರದಲ್ಲಿ ಕೆಲವು ಪಾಲು ಮಾತ್ರ. ಮತ್ತೆ ನೀಲಿ, ಮತ್ತೆ ಹೆರೆತ, ಚುಕ್ಕೆಗಳು ಹಲಗೆಯ ತುಂಬ ಒತ್ತೊತ್ತಾಗಿ ಹರಡುವವರೆಗೂ ಇದೇ. ಸಮವಾದ ಹಲಗೆಯೇ ಕೈಯಲ್ಲಿಲ್ಲದಿದ್ದರೆ ಮೂರು ಹಲಗೆಗಳನ್ನು ಇಟ್ಟುಕೊಂಡು ಜೋಡಿ ಬದಲಿಸುತ್ತ ಹೆರೆಯುತ್ತಾರೆ. ಎರಡೇ ಇದ್ದರೆ ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕುಳಿತು ಎರಡೂ ಸಮವೆಂಬ ಭ್ರಮೆ ಹುಟ್ಟಬಹುದು. ಮೂರನೆಯದು ಬಂದಾಗ ಆ ಸುಳ್ಳು ನಿಲ್ಲುವುದಿಲ್ಲ. ಹಲಗೆಗಳನ್ನು ಪುಡಿ ಹಾಕಿ ಒಂದಕ್ಕೊಂದು ಉಜ್ಜುವುದಕ್ಕಿಂತ ಹೀಗೆ ಹೆರೆಯುವುದೇ ಸರಿಯೆಂದು ಇಂಗ್ಲೆಂಡಿನ ಯಂತ್ರತಜ್ಞ ಜೋಸೆಫ್ ವಿಟ್‌ವರ್ತ್ 1840ರಲ್ಲಿಯೇ ವಾದಿಸಿದ್ದ.

ಇನ್ನೊಂದು ಉದಾಹರಣೆ ಆಂಟಿಕಿಥೆರಾ ಯಂತ್ರದ್ದು. 1901ರಲ್ಲಿ ಗ್ರೀಸಿನ ಕಡಲಾಳದಿಂದ ಮೇಲೆ ಬಂದ ಈ ಪ್ರಾಚೀನ ಕಂಚಿನ ಯಂತ್ರವನ್ನು ಆಸ್ಟ್ರೇಲಿಯಾದ ಕೆಲಸಗಾರರೊಬ್ಬರು, ಆ ಕಾಲದಲ್ಲಿ ಇದ್ದಿರಬಹುದಾದ ಉಪಕರಣಗಳನ್ನೂ ತಾವೇ ಮಾಡಿಕೊಂಡು, ಮರುನಿರ್ಮಿಸುತ್ತ ತೋರಿಸಿದ್ದಾರೆ. ಅದರ ಒಂದು ಚಕ್ರಕ್ಕೆ 223 ಹಲ್ಲುಗಳಿರಬೇಕು. 223 ಅವಿಭಾಜ್ಯ ಸಂಖ್ಯೆಯಾದ್ದರಿಂದ, ವೃತ್ತವನ್ನು ಅರ್ಧ, ಕಾಲು ಎಂದು ಮಡಿಸುತ್ತ ಹೋಗಿ ಆ ಲೆಕ್ಕವನ್ನು ಮುಟ್ಟಲು ಬರುವುದಿಲ್ಲ. ಗುರುತು ಹಾಕಿಕೊಂಡು ಪ್ರತಿಯೊಂದು ಹಲ್ಲನ್ನೂ ಅರದಿಂದ ಉಜ್ಜಿಯೇ ತೆಗೆಯಬೇಕು.

ಈ ಕೆಲಸಗಳ ಕ್ರಿಯಾಪದಗಳಿಗೆ ನಮ್ಮಲ್ಲಿ ಬಡತನವಿಲ್ಲ. ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದ ದುಂಡು ಕಂಬಗಳನ್ನು ತಿರುಗಣೆಯಲ್ಲಿ ಕಡೆದವು ಎನ್ನುತ್ತೇವೆ. ಅದೇ ‘ಕಡೆ’ ಲೇತಿಗೂ ಸಲ್ಲುತ್ತದೆ. ಕೊರೆ, ಹೆರೆ, ಹಣಿ, ಸಾಣೆ ಹಿಡಿ, ಎಲ್ಲವೂ ಇವೆ. ತೊಡಕಿರುವುದು ಹೊಗಳುವ ಮಾತಿನಲ್ಲಿ.

‘ಕೈಚಳಕ’ ಮೊದಲು ನೆನಪಾಗುವ ಪದ. ಆದರೆ ಪತ್ರಿಕೆಗಳು ಅದನ್ನು ಸರಗಳ್ಳರಿಗೂ ಜಾದೂಗಾರರಿಗೂ ಬಿಟ್ಟುಕೊಟ್ಟಿವೆ. ವೇಗ ಮತ್ತು ಕಣ್ಣು ತಪ್ಪಿಸುವಿಕೆ ಎರಡೂ ಅದರಲ್ಲಿ ಸೇರಿಹೋಗಿವೆ. ನಾನು ಹೇಳುವ ಕೆಲಸದಲ್ಲಿ ಎರಡೂ ಇಲ್ಲ. ‘ಕೈವಾಡ’ದ ಗತಿ ಇನ್ನೂ ಕೆಟ್ಟದು. ಇಂದು ಯಾರ ಕೈವಾಡವೆಂದರೂ ಓದುಗರು ಪಿತೂರಿಯನ್ನೇ ಹುಡುಕುತ್ತಾರೆ.

‘ಕುಸುರಿ’ ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಹೂಬಳ್ಳಿಯೇ ಇಲ್ಲದ, ಸಮವಾಗಿರುವುದೇ ಸೊಗಸಾದ ಕಬ್ಬಿಣದ ಹಲಗೆಗೆ ಅದು ಹೊಂದದು. ‘ಕರಕುಶಲ’ವಂತೂ ಮೇಳದ ಮಳಿಗೆಯನ್ನು ಬಿಟ್ಟು ಹೊರಗೆ ಬರುವುದಿಲ್ಲ.

‘ಕುಶಲ’ದ ಕಥೆ ಸ್ವಾರಸ್ಯವಾಗಿದೆ. ಕೈ ಕೊಯ್ದುಕೊಳ್ಳದೆ ಕುಶವನ್ನು, ಅಂದರೆ ದರ್ಭೆಯನ್ನು, ಕಿತ್ತು ತರುವವನು ಕುಶಲ ಎಂಬುದು ಸಾಂಪ್ರದಾಯಿಕ ವ್ಯುತ್ಪತ್ತಿ. ‘ಕರ್ಮಣಿ ಕುಶಲಃ’ (ಕೆಲಸದಲ್ಲಿ ಕುಶಲ) ಎಂಬುದನ್ನು ಅಲಂಕಾರಶಾಸ್ತ್ರಜ್ಞ ಮಮ್ಮಟ ಕಾವ್ಯಪ್ರಕಾಶದಲ್ಲಿ ರೂಢಿ ಲಕ್ಷಣೆಗೆ, ಅಂದರೆ ಮೂಲಾರ್ಥವನ್ನು ಬಿಟ್ಟು ಬಳಕೆಯಿಂದ ನಿಂತ ಅರ್ಥಕ್ಕೆ, ಉದಾಹರಣೆಯಾಗಿ ಕೊಡುತ್ತಾನೆ. ಹರಿತವಾದ ಅಂಚಿನ ಜೊತೆ ಎಚ್ಚರದಿಂದ ನಡೆದುಕೊಳ್ಳುವ ಕೈ ಎಂಬ ಆ ಮೂಲಭಾವ ಲೇತಿನ ಕೆಲಸಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು! ಆದರೆ ಕನ್ನಡದಲ್ಲಿ ಅದು ಒಂದು ಕಡೆ ಕ್ಷೇಮಸಮಾಚಾರವಾಗಿದೆ. ಇನ್ನೊಂದು ಕಡೆ ಕುಶಲ, ಅರೆಕುಶಲ, ಅಕುಶಲ ಎಂದು ಕನಿಷ್ಠ ವೇತನದ ಪಟ್ಟಿಯಲ್ಲಿ ದರ್ಜೆಯಾಗಿ ಕುಳಿತಿದೆ.

‘ಪಳಗಿದ ಕೈ’ ನನಗೆ ಇಷ್ಟವಾದ ಮಾತು. ಸಕ್ರೆಬೈಲಿನ ಆನೆಬಿಡಾರ ಹತ್ತಿರವಿರುವುದರಿಂದಲೋ ಏನೋ, ನಮ್ಮಲ್ಲಿ ‘ಪಳಗು’ ಎಂದೊಡನೆ ಬೇರೊಬ್ಬರು ಪಳಗಿಸಿದ್ದು ಎಂಬ ಛಾಯೆ ಬರುತ್ತದೆ. ಈ ಕೈಗಳು ತಮ್ಮನ್ನು ತಾವೇ ತಿದ್ದಿಕೊಂಡವು. ‘ಎತ್ತಿದ ಕೈ’ ವ್ಯಕ್ತಿಯ ಬಗ್ಗೆ ಹೇಳುವ ಮಾತು, ಗುಣದ ಹೆಸರಲ್ಲ. ಅಲ್ಲದೆ ಸುಳ್ಳು ಹೇಳುವುದರಲ್ಲಿಯೂ ಎತ್ತಿದ ಕೈ ಆಗಬಹುದು. ‘ಕೈ ಕುದುರಿದೆ’ ಎನ್ನುವುದು ಕಲಿಯುವವನಿಗೆ ಸಲ್ಲುವ ಮೆಚ್ಚುಗೆ, ದಶಕಗಳ ಕಾಲ ದುಡಿದವರಿಗಲ್ಲ.

ಇನ್ನು ‘ಕೈಗುಣ’. ಮಲೆನಾಡಿನಲ್ಲಿ ಇದು ಬಹಳ ಗೌರವದ ಪದ. ನಾಟಿ ವೈದ್ಯರಿಗೆ ಕೈಗುಣವಿದೆ, ಕೆಲವರು ನೆಟ್ಟ ಸಸಿಗಳೆಲ್ಲ ಬದುಕುವುದು ಅವರ ಕೈಗುಣದಿಂದ, ಒಂದೇ ಸಾಮಗ್ರಿ ಹಾಕಿದರೂ ಅತ್ತೆಯ ಸಾರಿನ ರುಚಿ ಸೊಸೆಯ ಸಾರಿಗೆ ಬಾರದಿರುವುದಕ್ಕೂ ಅದೇ ಕಾರಣ. ಮಮತೆಯಿದೆ, ಮೆಚ್ಚುಗೆಯಿದೆ. ಆದರೆ ಕೈಗುಣ ಹುಟ್ಟಿನಿಂದ ಬಂದದ್ದು, ಕಾರಣ ಕೇಳಬಾರದ್ದು. ನೀಲಿ ಸವರಿ ನೂರಾರು ಸಲ ಹೆರೆದವರ ದುಡಿಮೆಯನ್ನು ಕೈಗುಣವೆಂದರೆ, ಅವರ ಕಲಿಕೆಯ ಪಾಲನ್ನು ದೈವಕ್ಕೆ ಬರೆದುಕೊಟ್ಟಂತಾಗುತ್ತದೆ.

ಹೀಗಾಗಿ ನನ್ನ ಮನಸ್ಸು ವಾಲುತ್ತಿರುವುದು ‘ಹದ’ದ ಕಡೆಗೆ. ಅಡಿಕೆ ಬೇಯಿಸುವಲ್ಲಿ ಹದ, ಬೆಲ್ಲದ ಪಾಕದಲ್ಲಿ ಹದ, ಕುಲುಮೆಯಲ್ಲಿ ಕತ್ತಿಯ ಬಾಯಿಗೆ ಹಾಕುವುದೂ ಹದವೇ. ಅದು ವಸ್ತುವಿನಲ್ಲಿರುವ ಸ್ಥಿತಿ. ಅದನ್ನು ಕಂಡುಹಿಡಿಯುವುದು ಅನುಭವಿಯ ಕಣ್ಣು ಮತ್ತು ಬೆರಳು. ಲೇತಿನವರು ಉಕ್ಕಿನಿಂದ ಸುರುಳಿಯಾಗಿ ಏಳುವ ಚೂರಿನ ಬಣ್ಣ ನೋಡಿ, ಅದು ನೀಲಿಗೆ ತಿರುಗಿದರೆ ಕಾವು ಏರಿದೆಯೆಂದು ತಿಳಿಯುವುದೂ ಇದೇ ಜಾತಿಯ ಅರಿವು. ಬಲಗೈ, ಬರಿಗೈ ಎಂಬಂತೆ ‘ಹದಗೈ’ ಎಂದು ಸಮಾಸ ಮಾಡಲು ವ್ಯಾಕರಣದ ಅಡ್ಡಿಯಿಲ್ಲ. ಆದರೆ ‘ಹದಗೈ’ ಎಂದಾಗ ‘ಹದಗೆಟ್ಟ’ ಎಂಬುದೇ ಕಿವಿಗೆ ಬೀಳುತ್ತದೆಂದು ನಮ್ಮ ಮನೆಯಲ್ಲಿಯೇ ಆಕ್ಷೇಪ ಬಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆರಂಭವಾದದ್ದು 1923ರಲ್ಲಿ. ಅಲ್ಲಿ ತಲೆಮಾರುಗಳಿಂದ ಟರ್ನರ್, ಫಿಟ್ಟರ್ ಆಗಿದ್ದವರ ಮನೆಗಳಲ್ಲಿ ಒಳ್ಳೆಯ ಕೆಲಸಗಾರರನ್ನು ಹೊಗಳಲು ಬಳಸುತ್ತಿದ್ದ ಮಾತು ಯಾವುದು? ಗುಡಿಗಾರರಲ್ಲಿ, ಆಚಾರಿಗಳಲ್ಲಿ, ಘಟ್ಟದ ಕೆಳಗೆ ಅಥವಾ ಧಾರವಾಡದ ಕಡೆ, ಹುಟ್ಟಿನಿಂದ ಬಂದದ್ದಲ್ಲದೆ ದುಡಿದು ಗಳಿಸಿದ ಕೈಯ ಜಾಣ್ಮೆಗೆ ಪ್ರತ್ಯೇಕ ನಾಮಪದ ಬಳಕೆಯಲ್ಲಿದೆಯೇ? ಕೇಳಿದವರು ಅದನ್ನು ಬಳಸುವ ಒಂದು ವಾಕ್ಯದ ಸಮೇತ ತಿಳಿಸಬೇಕೆಂದು ಕೋರುತ್ತೇನೆ.