ಸಹಾಯ ಬೇಕು: ಹಳೆ ಬೀದಿಯನ್ನು ಪಾರಂಪರಿಕ ಪ್ರದೇಶ ಮಾಡಿದರೆ ಮನೆ ರಿಪೇರಿ ಕಷ್ಟವಾ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ನಮ್ಮ ಹಳೆ ಬೀದಿಯನ್ನು ಪಾರಂಪರಿಕ ಪ್ರದೇಶ ಎಂದು ಘೋಷಿಸಲು ಕೆಲವರು ಅರ್ಜಿ ಹಾಕುತ್ತಿದ್ದಾರೆ. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಎದುರಿಗೆ ಜಗಲಿ, ಇಂಥ ಮನೆಗಳು ಸಾಲಾಗಿ ಉಳಿದಿರುವುದೇ ಕಡಿಮೆ, ಅವು ಉಳಿಯಲೇಬೇಕು ಎಂಬುದು ನನ್ನ ಆಸೆ. ಆದರೆ ಅರ್ಧ ಬೀದಿಯ ವಿರೋಧ ಇದೆ. "ಮಾಡು ಸೋರಿದರೆ ಹಂಚು ಬದಲಿಸಲೂ ಆಫೀಸಿಗೆ ಓಡಬೇಕಾ ಮಗಾ?" ಎಂದು ಪಕ್ಕದ ಮನೆಯ ಅಜ್ಜಿ ಕೇಳಿದರು. ಅವರ ಹೆದರಿಕೆ ಸುಮ್ನೆ ಅಲ್ಲ, ಇಲ್ಲಿಯ ಮಳೆಗೆ ರಿಪೇರಿ ತಪ್ಪುವುದಿಲ್ಲ.

ಬೇಕಲ ಕೋಟೆಯ ನಿಯಮವೇ ನಮಗೂ ಬರುತ್ತದೆ ಎಂದು ಸುದ್ದಿ ಹಬ್ಬಿದೆ. ಆ ನಿಯಮ ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸುವ ಸ್ಮಾರಕಗಳದ್ದು. ಸುತ್ತ 100 ಮೀಟರ್ ಒಳಗೆ ಹೊಸ ಮನೆ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಕಟ್ಟಲು ಅನುಮತಿ ಬೇಕು. ಹಳೆ ಮನೆಯ ರಿಪೇರಿಗೆ ಅಲ್ಲೂ ಅನುಮತಿ ಕೇಳಬಹುದು. ನಮ್ಮದು ಜನ ವಾಸಿಸುವ ಬೀದಿ, ಅಂಥ ಸ್ಮಾರಕ ಅಲ್ಲ, ಅಲ್ವಾ?

ಕೋಟೆ ಹತ್ತಿರ ಮನೆ ಇರುವವರು ದಯವಿಟ್ಟು ಹೇಳಿ, ರಿಪೇರಿಗೆ ಏನೇನು ಕಾಗದ ಕೇಳಿದರು, ಎಷ್ಟು ದಿನ ಹಿಡಿಯಿತು? ಪಾರಂಪರಿಕ ಪ್ರದೇಶವಾಗಿರುವ ಫೋರ್ಟ್ ಕೊಚ್ಚಿ ಕಡೆ ನೆಂಟರಿದ್ದರೆ ಅಲ್ಲಿಯ ಅನುಭವವೂ ಬೇಕು.

ಇನ್ನೊಂದು ವಿಷಯ, ಅರ್ಜಿಯ ಕರಡು ಮಲಯಾಳಂನಲ್ಲಿ ಮಾತ್ರ ಇದೆ, ನಮ್ಮ ಹಿರಿಯರಿಗೆ ಓದಲು ಬರುವುದಿಲ್ಲ. ಕೇರಳದ 1969ರ ಭಾಷಾ ಕಾಯ್ದೆಯಲ್ಲಿ ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯುವ ಅವಕಾಶ ಇದೆ. ಅರ್ಜಿಯನ್ನು ಕನ್ನಡಕ್ಕೆ ಇಳಿಸಿಕೊಡುವವರು, ಕಟ್ಟಡ ನಿಯಮ ಬಲ್ಲ ವಕೀಲರು ಅಥವಾ ಇಂಜಿನಿಯರ್ ಯಾರಾದರೂ ಇದ್ದರೆ ಇಲ್ಲೇ ತಿಳಿಸಿ, ಈ ಅರ್ಜಿಯ ಬಗ್ಗೆ ನಡೆಯುವ ಸಭೆಗೆ ಮೊದಲು ಸಿಕ್ಕರೆ ದೊಡ್ಡ ಉಪಕಾರ.