ಬುದ್ಧಿಮಾಂದ್ಯ ಆರೋಪಿಯ ‘ಸ್ವಇಚ್ಛಾ ಹೇಳಿಕೆ’: ಎಲ್ಲಿ ಹಿಡಿಯಬೇಕು?

ಕಿರಿಯ_ವಕೀಲ:
ಕಳ್ಳತನದ ಪ್ರಕರಣ. ಆರೋಪಿಗೆ 23 ವರ್ಷ, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನಲ್ಲಿ ಬೌದ್ಧಿಕ ಅಂಗವೈಕಲ್ಯ ಶೇ 50 ಎಂದಿದೆ. ‘ಸುಮ್ನೆ ವಿಚಾರಣೆ’ ಅಂತ ಠಾಣೆಗೆ ಕರೆಸಿ, ಮರುದಿನ ಬಂಧನ ತೋರಿಸಿದ್ದಾರೆ. ರಿಮಾಂಡ್ (ಕಸ್ಟಡಿ ಕೋರುವ) ಅರ್ಜಿಯ ಜೊತೆ ಪೊಲೀಸರು ಬರೆದುಕೊಂಡ ಎರಡು ಪುಟದ ಸ್ವಇಚ್ಛಾ ಹೇಳಿಕೆ (ತಪ್ಪೊಪ್ಪಿಗೆ), ಕೆಳಗೆ ಹೆಬ್ಬೆಟ್ಟು. ಹಕ್ಕುಗಳನ್ನು ತಿಳಿಸಲಾಗಿದೆ ಎಂಬ ಅಚ್ಚಿನ ಸಾಲೂ ಇದೆ. ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಕಲಂ 22ರ ಮನಸ್ಸಿನ ಅಸ್ವಸ್ಥತೆಯ ವಿನಾಯಿತಿ (ಹಳೆಯ ಐಪಿಸಿ 84) ಎತ್ತುವುದೇ? ಸಂವಿಧಾನದ 20(3) (ತನ್ನ ವಿರುದ್ಧ ತಾನೇ ಸಾಕ್ಷಿಯಾಗದಿರುವ ಹಕ್ಕು), 22(1) (ಬಂಧನದ ಕಾರಣ ತಿಳಿಯುವ, ವಕೀಲರನ್ನು ಕಾಣುವ ಹಕ್ಕು) ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತವೆಯೇ?

ಕೋರ್ಟ್_ಕಟ್ಟೆ:
ಕಲಂ 22ಕ್ಕೆ ಕೈಹಾಕಬೇಡಿ, ಸದ್ಯಕ್ಕಂತೂ ಬೇಡ. ಅದು ಕೃತ್ಯ ನಡೆದ ಹೊತ್ತಿನ ಮನಸ್ಥಿತಿಯ ಮಾತು, ರುಜುವಾತಿನ ಭಾರ ನಿಮ್ಮ ತಲೆಗೇ ಬರುತ್ತದೆ. ವಿಚಾರಣೆ ಎದುರಿಸುವ ಸಾಮರ್ಥ್ಯವಿದೆಯೇ ಅನ್ನುವುದು ಬೇರೆ ಪ್ರಶ್ನೆ (ಸಿಆರ್‌ಪಿಸಿ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನ ಕಲಂ 367, 368). ನಿಮ್ಮದು ಮೂರನೆಯದು: ಆ ಹೇಳಿಕೆ ಅವನದೇ?

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಹೊಸ ಸಾಕ್ಷ್ಯ ಕಾಯ್ದೆ ಬಿಎಸ್‌ಎಯ ಕಲಂ 23ರಡಿ ಹೇಗೂ ಸಾಕ್ಷ್ಯವಲ್ಲ. ಹಾಗಂತ ಸಮಾಧಾನದಲ್ಲಿ ಕೂತವರೇ ಕೆಡುವುದು. ಅದೇ ಕಲಂನ ಪರಂತುಕದಲ್ಲಿ (ವಿನಾಯಿತಿಯ ಸಾಲಿನಲ್ಲಿ) ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 27 ಕೂತಿದೆ. ‘ಅವನೇ ತೋರಿಸಿದ’ ಎಂದು ಮಾಲು ಜಪ್ತಿಯಾದರೆ ಅಷ್ಟು ಭಾಗ ಒಳಗೆ ಬರುತ್ತದೆ. 1947ರ ಪುಲುಕುರಿ ಕೊಟ್ಟಯ್ಯ ತೀರ್ಪಿನ ಪ್ರಕಾರ, ಪತ್ತೆಯಾದ ಸಂಗತಿಗೆ ನೇರವಾಗಿ ಅಂಟಿದ ಮಾತು ಮಾತ್ರ. ಆದ್ದರಿಂದ ಹೇಳಿಕೆ ಬರೆದ ಸಮಯ, ಮಹಜರಿನ ಸಮಯ, ಪಂಚರನ್ನು ಕರೆಸಿದ ಸಮಯ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾಲು ಇರುವ ಜಾಗ ಪೊಲೀಸರಿಗೆ ಮೊದಲೇ ಗೊತ್ತಿದ್ದರೆ ಅದು ‘ಪತ್ತೆ’ಯೇ ಅಲ್ಲ.

ಕರೆಸಿದ ರೀತಿಯನ್ನೂ ಬಿಡಬೇಡಿ. ಬಿಎನ್‌ಎಸ್‌ಎಸ್ 179ರಡಿ ಸಾಕ್ಷಿಯೆಂದು ಕರೆದಿದ್ದರೆ, ಮಾನಸಿಕ ಅಥವಾ ದೈಹಿಕ ಅಂಗವೈಕಲ್ಯ ಇರುವವರನ್ನು ಅವರು ವಾಸಿಸುವ ಜಾಗದಲ್ಲೇ ಕೇಳಬೇಕು. ಹೊಸ ಕಾಯ್ದೆ ಒಂದು ಸಂದು ಬಿಟ್ಟಿದೆ: ಅವರಿಗೇ ಇಷ್ಟವಿದ್ದರೆ ಠಾಣೆಗೆ ಬರಬಹುದು. ಆ ‘ಇಷ್ಟ’ಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿರುತ್ತಾರೆ, ಕೇಳಿ ಪಡೆಯಿರಿ. ಆರೋಪಿ ಎಂದೇ ಕರೆದಿದ್ದರೆ ಅದೇ ಕಾಯ್ದೆಯ 35(3)ರ ಹಾಜರಾತಿ ನೋಟಿಸ್ ಎಲ್ಲಿ?

ಇನ್ನು ಸಂವಿಧಾನ. 20(3)ರ ಮೌನದ ಹಕ್ಕು ಠಾಣೆಯ ಹಂತಕ್ಕೂ ಅನ್ವಯಿಸುತ್ತದೆಂದು 1978ರ ನಂದಿನಿ ಸತ್ಪತಿ ತೀರ್ಪು ಹೇಳಿದೆ. 22(1)ರ ಬಂಧನದ ಕಾರಣಗಳನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಓದು ಬಾರದವನಿಗೆ, ಓದಿ ಹೇಳಿದರೂ ತಿಳಿಯದವನಿಗೆ ಅಚ್ಚಿನ ಹಾಳೆ ಕೊಟ್ಟರೆ ‘ತಿಳಿಸಿದಂತೆ’ ಆಯಿತೇ? ರಿಮಾಂಡ್ ದಿನವೇ ಈ ವಾದ ಎತ್ತಿ. ಅದೇ ದಿನ ಮೂರು ಅರ್ಜಿ ಹಾಕಿ: ಬಿಎನ್‌ಎಸ್‌ಎಸ್ ಕಲಂ 38ರಡಿ ವಿಚಾರಣೆ ವೇಳೆ ವಕೀಲರ ಭೇಟಿ, ವೈದ್ಯಕೀಯ ತಪಾಸಣೆ, ಠಾಣೆಯ ಸಿಸಿಟಿವಿ ದೃಶ್ಯ ಕಾಯ್ದಿರಿಸುವುದು. 2020ರ ಪರಮವೀರ್ ಸಿಂಗ್ ಸೈನಿ ತೀರ್ಪಿನಂತೆ ದೃಶ್ಯ 18 ತಿಂಗಳು, ಉಪಕರಣ ಸಿಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಯಬೇಕು. ಆದರೂ ಕಾಯಬೇಡಿ.

ವಿಶೇಷ_ಶಿಕ್ಷಣ_ಧಾರವಾಡ:
ಕಾನೂನು ಸರಿ, ಆದರೆ ನ್ಯಾಯಾಧೀಶರಿಗೆ ತೋರಿಸಬೇಕಾದ್ದು ಬೇರೆಯೇ ಇದೆ. ಈ ಮಟ್ಟದವರು ಅಧಿಕಾರದಲ್ಲಿರುವವರ ಪ್ರಶ್ನೆಗೆ ‘ಹೂಂ’ ಅನ್ನುವುದು ಒಪ್ಪಿಗೆಯಲ್ಲ, ಬೈಗುಳ ತಪ್ಪಿಸಿಕೊಳ್ಳುವ ಅಭ್ಯಾಸ. ‘ಅಂಗಡಿ ಹತ್ರ ಇದ್ದೆ ಅಲ್ವಾ?’ ಅಂದರೂ ಹೂಂ. ಸ್ವಲ್ಪ ಹೊತ್ತು ಬಿಟ್ಟು ‘ಅಂಗಡಿ ಹತ್ರ ಹೋಗೇ ಇಲ್ಲ ಅಲ್ವಾ?’ ಅಂದರೂ ಹೂಂ. ಹಕ್ಕು ತಿಳಿಯಿತಾ ಎಂದು ಕೇಳಿದರೆ ಹೂಂ ಬಿಟ್ಟು ಇನ್ನೇನು ಬರುತ್ತದೆ? ‘ಈಗ ಹೇಳಿದ್ದನ್ನ ನಿನ್ನ ಮಾತಲ್ಲಿ ಹೇಳಪ್ಪ’ ಅಂದಾಗ ಮಾತ್ರ ನಿಜ ಹೊರಬೀಳುತ್ತದೆ.

ಹೇಳಿಕೆಯ ಭಾಷೆ ನೋಡಿ. ‘ಸದರಿ ಸ್ಥಳಕ್ಕೆ’, ‘ಮೇಲ್ಕಂಡ ವಸ್ತುಗಳನ್ನು’, ‘ರಾತ್ರಿ ಸುಮಾರು 11-45ರ ವೇಳೆಗೆ’ ಎಂದೆಲ್ಲ ಇರುತ್ತದೆ. ಅವನಿಗೆ ಗಡಿಯಾರ ನೋಡಲು ಬರುತ್ತದೆಯೇ, ಎಷ್ಟರವರೆಗೆ ಎಣಿಸುತ್ತಾನೆ ಎಂಬುದನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ವರದಿಯಲ್ಲಿ ಬರೆಸಿ. ಬಿನೆ-ಕಾಮತ್ ಬುದ್ಧಿಮತ್ತೆ ಪರೀಕ್ಷೆಯ ಅಂಕವೊಂದೇ ಸಾಲದು. ದಿನನಿತ್ಯದ ಕೌಶಲ ಅಳೆಯುವ ವೈನ್‌ಲ್ಯಾಂಡ್ ಮಾಪನ, ಜೊತೆಗೆ ಒತ್ತಾಯದ ಪ್ರಶ್ನೆಗೆ ಬಾಗುವ ಸ್ವಭಾವದ ಬಗ್ಗೆ ಒಂದು ಪ್ಯಾರಾ ಬೇಕು. ‘ಮಾನಸಿಕ ಅಸ್ವಸ್ಥ’ ಎಂದು ಅರ್ಜಿಯಲ್ಲಿ ಬರೆಯಲೇಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಖ್ಯೆಯಿಂದ ಬುದ್ಧಿಮಾಂದ್ಯತೆ ಹೊರಗಿದೆ, ಎದುರಿನವರು ಅದನ್ನೇ ಹಿಡಿಯುತ್ತಾರೆ. ನಿಮಗೆ ಬೇಕಾದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ನ್ಯಾಯ ಪಡೆಯುವ ಅವಕಾಶದ ಕಲಂ 12.

ಹಳೇ_ತೀರ್ಪು:
ಇಂಗ್ಲೆಂಡಿನಲ್ಲಿ ಇಂಥವರ ಪಕ್ಕ ಪೊಲೀಸರಲ್ಲದ ಒಬ್ಬ ವಯಸ್ಕ ಕೂರಲೇಬೇಕು. 1972ರ ಕಾನ್‌ಫೇಟ್ ಕೊಲೆ ಪ್ರಕರಣದಲ್ಲಿ ಮೂವರು ಹುಡುಗರ ತಪ್ಪೊಪ್ಪಿಗೆ ಸುಳ್ಳೆಂದು ತಿಳಿದು 1975ರಲ್ಲಿ ಶಿಕ್ಷೆ ರದ್ದಾಯಿತು. ಅಲ್ಲಿನ 1984ರ ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆಗೆ ಅದೂ ಒಂದು ಕಾರಣ. ಅಮೆರಿಕದ ವರ್ಜೀನಿಯಾದಲ್ಲಿ ಐಕ್ಯೂ ಸುಮಾರು 69 ಇದ್ದ ಅರ್ಲ್ ವಾಷಿಂಗ್ಟನ್ 1983ರಲ್ಲಿ ಕೊಲೆ ಒಪ್ಪಿಕೊಂಡ. ಸತ್ತವಳು ಕಪ್ಪು ಹೆಂಗಸು ಅಂದ, ಆಕೆ ಬಿಳಿಯಳು. ಒಂದೆರಡು ಸಲ ಇರಿದೆ ಅಂದ, ಗಾಯಗಳು 38. ಆದರೂ ಮರಣದಂಡನೆ, ಡಿಎನ್‌ಎ ಪರೀಕ್ಷೆಯಿಂದಾಗಿ 2000ದಲ್ಲಿ ಕ್ಷಮಾದಾನ. ಹೀಗಾಗಿ ಹೇಳಿಕೆಯಲ್ಲಿ ಸರಿಯಿರುವುದಕ್ಕಿಂತ ತಪ್ಪಿರುವುದನ್ನು ಮೊದಲು ಹುಡುಕಿ.

ನಮ್ಮಲ್ಲಿ ಆರೋಪಿಯ ಪಕ್ಕ ಹಾಗೆ ಕೂರಿಸುವ ಕಡ್ಡಾಯ ವ್ಯವಸ್ಥೆ ಇಲ್ಲ. ಕಲಂ 12 ತೋರಿಸಿ ವಿಶೇಷ ಶಿಕ್ಷಕರನ್ನು ಕೇಳಿ. ಅಪ್ಪ-ಅಮ್ಮನನ್ನೇ ಕೂರಿಸುವ ಮುಂಚೆ ಯೋಚಿಸಿ: ಗಾಬರಿಯಲ್ಲಿ ಅವರೇ ‘ನಿಜ ಹೇಳೋ, ಸಾಹೇಬ್ರು ಬಿಡ್ತಾರೆ’ ಅನ್ನುತ್ತಾರೆ. ಅದೇ ಮಾತನ್ನು ಪೊಲೀಸರು ಆಡಿದ್ದರೆ ಬಿಎಸ್‌ಎ ಕಲಂ 22ರ ಆಮಿಷ, ಮನೆಯವರು ಆಡಿದರೆ ಏನೂ ಅಲ್ಲ!

ಕಿರಿಯ_ವಕೀಲ:
ಎಲ್ಲರಿಗೂ ಧನ್ಯವಾದ. ಈಗ ಪೊಲೀಸರು ಮ್ಯಾಜಿಸ್ಟ್ರೇಟರ ಮುಂದೆ ಬಿಎನ್‌ಎಸ್‌ಎಸ್ 183ರ ತಪ್ಪೊಪ್ಪಿಗೆ ಹೇಳಿಕೆ, ಆಮೇಲೆ ಪಾಲಿಗ್ರಾಫ್ (ಸುಳ್ಳು ಪತ್ತೆ ಪರೀಕ್ಷೆ) ಅನ್ನುತ್ತಿದ್ದಾರೆ.

ಕೋರ್ಟ್_ಕಟ್ಟೆ:
ಪಾಲಿಗ್ರಾಫ್ ಸುಲಭ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು: ಒಪ್ಪಿಗೆಯಿಲ್ಲದೆ ಇಲ್ಲ, ಆ ಒಪ್ಪಿಗೆಯೂ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು. ಒಪ್ಪಿಗೆ ಕೊಡುವ ಸಾಮರ್ಥ್ಯವನ್ನೇ ಪ್ರಶ್ನಿಸಿ.

183 ಅಪಾಯ, ಅದು ಸಾಕ್ಷ್ಯವಾಗುತ್ತದೆ. ಹೇಳಬೇಕೆಂದಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಸಬಹುದು ಎಂದು ಮೊದಲು ತಿಳಿಸಬೇಕು. ಯೋಚಿಸಲು ಸಾಮಾನ್ಯವಾಗಿ 24 ಗಂಟೆ ಬಿಡಬೇಕೆಂದು 1957ರ ಸರ್ವಣ್ ಸಿಂಗ್ ತೀರ್ಪಿದೆ. ಆ ಎಚ್ಚರಿಕೆಯನ್ನು ಅವನ ಬಾಯಲ್ಲೇ ಹೇಳಿಸಿ ದಾಖಲಿಸಬೇಕು, ಆಡಿಯೊ-ವಿಡಿಯೊ ಆಗಬೇಕು ಎಂದು ಇವತ್ತೇ ಮೆಮೊ ಹಾಕಿ. ನನಗೆ ಇಷ್ಟವಿಲ್ಲ ಎಂದರೆ ಮ್ಯಾಜಿಸ್ಟ್ರೇಟರು ಅವನನ್ನು ಪೊಲೀಸ್ ಕಸ್ಟಡಿಗೆ ಕೊಡುವಂತಿಲ್ಲ, 183(3). ಫೀಸಿನ ತೊಂದರೆಯಿದ್ದರೆ ಕುಟುಂಬಕ್ಕೆ ಕಾನೂನು ನೆರವಿನ ಸಹಾಯವಾಣಿ 15100ರ ನಂಬರ್ ಕೊಡಿ. ಅಂಗವಿಕಲರಿಗೆ ಉಚಿತ ಕಾನೂನು ನೆರವಿಗೆ ಆದಾಯದ ಮಿತಿ ಇಲ್ಲ.