ಫ್ರಂಟ್ ವೀಲ್ ಡ್ರೈವ್ ಕಾರಿಗೆ 240 ಪಿಎಸ್: ದಿನದ ಓಡಾಟಕ್ಕೆ ಸರಿಹೋಗುತ್ತಾ?

ಹೆಬ್ಬಾಳ_ಟು_ಹಾಸನ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾರು 2015ರ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ, 7 ಸ್ಪೀಡ್ ಡಿಎಸ್‌ಜಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್). ಕಂಪನಿಯಿಂದ ಬಂದ ಹಾಗೇ ಇದೆ: 180 ಪಿಎಸ್ ಪವರ್, 250 ಎನ್‌ಎಂ ಟಾರ್ಕ್ (ತಿರುಗಿಸೋ ಬಲ). ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಮಾತ್ರ ಬದಲಿಸೋದು) ಮಾಡಿಸಿದ್ರೆ 230-240 ಪಿಎಸ್, 350 ಎನ್‌ಎಂ ಹತ್ತಿರ ಬರುತ್ತೆ ಅಂತ ಟ್ಯೂನರ್‌ಗಳು ಹೇಳ್ತಾರೆ. ವಾರವೆಲ್ಲಾ ಹೆಬ್ಬಾಳ-ಎಲೆಕ್ಟ್ರಾನಿಕ್ ಸಿಟಿ ಟ್ರಾಫಿಕ್, ಆಗಾಗ ಸಕಲೇಶಪುರ, ಶಿರಾಡಿ ಇಳಿದು ಮಂಗಳೂರು. ಮಳೆಗಾಲದಲ್ಲೂ ಹೋಗಲೇಬೇಕು.

ಮುಂದಿನ ಎರಡೇ ಚಕ್ರ ಇಷ್ಟು ಪವರ್ ತಡೆದುಕೊಳ್ಳುತ್ತಾ? ಸ್ಟೀರಿಂಗ್ ಕೈಯಿಂದ ಎಳೆಯುತ್ತೆ ಅನ್ನೋದು ಎಷ್ಟು ನಿಜ? ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್: ಒಂದು ಚಕ್ರ ಜಾರಿದ್ರೆ ಇನ್ನೊಂದಕ್ಕೆ ಹೆಚ್ಚು ಟಾರ್ಕ್ ಕೊಡೋ ಭಾಗ) ಹಾಕಿಸಲೇಬೇಕಾ, ಒಳ್ಳೆ ಟೈರ್ ಸಾಕಾ? ರೇಸ್ ಟ್ರ್ಯಾಕಿಗೆ ಹೋಗೋ ಯೋಚನೆ ಇಲ್ಲ, ಮನೆಯವರೂ ಇದೇ ಕಾರಲ್ಲಿ ಓಡಾಡ್ತಾರೆ.

ಮೂರನೇ_ಗೇರು

ಪಿಎಸ್ ಅಂಕಿ ಸ್ವಲ್ಪ ಪಕ್ಕಕ್ಕಿಡಿ ಸರ್. ದಿನದ ಓಡಾಟದಲ್ಲಿ ಕಾಟ ಕೊಡೋದು ಕೆಳಗಿನ ಗೇರ್‌ಗಳಲ್ಲಿ ಬರೋ ಟಾರ್ಕ್. ನಿಮ್ಮ ಕಾರಿಗೇ ಅಂದಾಜು ಲೆಕ್ಕ ಹಾಕೋಣ.

ಇಬ್ಬರು ಕೂತು ಲಗೇಜ್ ಇಟ್ಟರೆ ಕಾರು ಸುಮಾರು 1500 ಕೆ.ಜಿ. ನಿಂತಾಗ ಅದರಲ್ಲಿ ಶೇ 60, ಅಂದ್ರೆ 900 ಕೆ.ಜಿ. ಮುಂದಿನ ಚಕ್ರಗಳ ಮೇಲೆ. ಆಕ್ಸಿಲರೇಟರ್ ತುಳಿದ ಕೂಡಲೇ ಭಾರ ಹಿಂದಕ್ಕೆ ಸರಿಯುತ್ತೆ. ಅರ್ಧ ಜಿ (ಗುರುತ್ವದ ಅರ್ಧದಷ್ಟು ವೇಗವರ್ಧನೆ) ಎಳೆತದಲ್ಲಿ ಹೆಚ್ಚುಕಡಿಮೆ 150 ಕೆ.ಜಿ. ಹಿಂದೆ ಹೋಗಿ ಮುಂದೆ 750 ಉಳಿಯುತ್ತೆ. ಒಣ ರಸ್ತೆ, ಒಳ್ಳೆ ಟೈರ್ ಇದ್ರೆ ಈ 750 ಕೆ.ಜಿ. ರಸ್ತೆಗೆ ದಾಟಿಸಬಲ್ಲ ಎಳೆತ ಸುಮಾರು 7300 ನ್ಯೂಟನ್. ಒದ್ದೆ ರಸ್ತೆಯಲ್ಲಿ ಅದು 4700ಕ್ಕೆ ಇಳಿಯುತ್ತೆ.

ಈಗ ಎಂಜಿನ್ ಕಡೆ ನೋಡಿ. 2ನೇ ಗೇರ್‌ನ ಒಟ್ಟು ರೇಶಿಯೊ ಸುಮಾರು 10 (ಚಕ್ರದ ಒಂದು ಸುತ್ತಿಗೆ ಎಂಜಿನ್ 10 ಸುತ್ತು), ಚಕ್ರದ ತ್ರಿಜ್ಯ 0.31 ಮೀಟರ್, ದಾರಿಯಲ್ಲಿ ಶೇ 10 ನಷ್ಟ. ಕಂಪನಿ ಕೊಟ್ಟ 250 ಎನ್‌ಎಂಗೆ 7250 ನ್ಯೂಟನ್ ಬರುತ್ತೆ. ಒಣ ರಸ್ತೆ ತಾಳೋ ಗಡಿಗೆ ಸರಿಯಾಗಿ ಬಂದು ನಿಂತಿದೆ ನೋಡಿ. 350 ಎನ್‌ಎಂ ಮಾಡಿದ್ರೆ ಅದೇ ಗೇರ್‌ನಲ್ಲಿ 10,150. ಹೆಚ್ಚಾದ ಶೇ 40 ಪೂರ್ತಿ ಟೈರ್ ಹೊಗೆಗೆ, ಟ್ರ್ಯಾಕ್ಷನ್ ಕಂಟ್ರೋಲ್ ದೀಪ ಮಿನುಗೋದಕ್ಕೆ ಹೋಗುತ್ತೆ, ಕಾರು ಮುಂದೆ ಹೋಗೋದಕ್ಕಲ್ಲ. 3ನೇ ಗೇರ್‌ನಲ್ಲಿ (ರೇಶಿಯೊ 6.5 ಅಂದ್ಕೊಳ್ಳಿ) 6600 ನ್ಯೂಟನ್: ಒಣಗಿದ್ರೆ ಹಿಡಿಯುತ್ತೆ, ಮಳೆಯಲ್ಲಿ 55 ಕಿ.ಮೀ. ವೇಗದಲ್ಲೂ ಚಕ್ರ ಜಾರುತ್ತೆ. 4ನೇ ಗೇರ್‌ಗೆ ಬಂದ ಮೇಲೆ ಮಳೆಯಲ್ಲೂ ಬಹುಮಟ್ಟಿಗೆ ನಿಲ್ಲುತ್ತೆ.

ಇದರಿಂದ ಒಂದು ವಿಷಯ ಸ್ಪಷ್ಟ. ಹೈವೇಯಲ್ಲಿ 80ರಿಂದ 120ಕ್ಕೆ ಓವರ್‌ಟೇಕ್ ಮಾಡುವಾಗ ಜಾಸ್ತಿ ಟಾರ್ಕ್ ಪೂರ್ತಿ ಉಪಯೋಗಕ್ಕೆ ಬರುತ್ತೆ. ಸಿಗ್ನಲ್‌ನಿಂದ ಹೊರಡುವಾಗ ಒಂದು ಚೂರೂ ಉಪಯೋಗ ಇಲ್ಲ. ಆದ್ದರಿಂದ ಟ್ಯೂನರ್ ಹತ್ತಿರ ಗೇರ್‌ವಾರು ಟಾರ್ಕ್ ಮಿತಿ ಕೇಳಿ. 1ರಲ್ಲಿ ಈಗಿನಷ್ಟೇ ಇರಲಿ, 2ರಲ್ಲಿ ಹೆಚ್ಚೆಂದ್ರೆ 260-270, ಏರಿಕೆ ಏನಿದ್ರೂ 3ರಿಂದ ಮೇಲೆ. ಜೊತೆಗೆ 1800 ಆರ್‌ಪಿಎಂನಲ್ಲೇ ಒಮ್ಮೆಲೇ ನುಗ್ಗದೆ 3000ದವರೆಗೆ ನಿಧಾನ ಏರಬೇಕು ಅನ್ನಿ. ಇದು ಹೊಸ ಉಪಾಯವೇನಲ್ಲ. 2007ರ ಮಜ್ದಾಸ್ಪೀಡ್ 3, 2.3 ಲೀಟರ್ ಟರ್ಬೊ, ಅಮೆರಿಕದಲ್ಲಿ 263 ಎಚ್‌ಪಿ. ಅದರಲ್ಲಿ 1 ಮತ್ತು 2ನೇ ಗೇರ್‌ನ ಟಾರ್ಕನ್ನು ಕಂಪನಿಯೇ ಕಟ್ಟಿಹಾಕಿತ್ತು.

ಎಲ್ಲ ಗೇರ್‌ಗೂ ಒಂದೇ 350 ಅಂತ ಬರೆದಿರೋ ಮ್ಯಾಪ್ ಫೈಲ್ ಯಾರಾದ್ರೂ ಕೊಟ್ಟರೆ ಆ ಟ್ಯೂನರ್ ಬೇಡ. ಡೈನೊ ಶೀಟ್ (ಯಂತ್ರದಲ್ಲಿ ಪವರ್ ಅಳೆದ ಕಾಗದ) ಚೆನ್ನಾಗಿ ಕಾಣುತ್ತೆ, ರಸ್ತೆಯಲ್ಲಿ ಓಡಿಸೋಕೆ ಹಿಂಸೆ.

ಕುಡ್ಲ_ಗ್ಯಾರೇಜ್

ಲೆಕ್ಕ ಸರಿ ಉಂಟು. ಆದರೆ ಮೊದಲು ಗೇರ್‌ಬಾಕ್ಸ್ ಮಾತಾಡ್ಬೇಕು ಮಾರಾಯ್ರೆ, ಚಕ್ರ ಆಮೇಲೆ. ನಿಮ್ಮ ಡಿಎಸ್‌ಜಿ ಡಿಕ್ಯೂ200 ಮಾದರಿ, ಡ್ರೈ ಕ್ಲಚ್. ಅದರ ಮಿತಿಯೇ 250 ಎನ್‌ಎಂ. ಹೊರದೇಶದಲ್ಲಿ ಇದೇ 1.8 ಎಂಜಿನ್ ಬೇರೆ ಗೇರ್‌ಬಾಕ್ಸ್ ಜೊತೆ 320 ಎನ್‌ಎಂ ಕೊಡ್ತಿತ್ತು. ಇಲ್ಲಿ 250ಕ್ಕೆ ನಿಲ್ಲಿಸಿದ್ದು ಎಂಜಿನ್‌ಗೆ ತ್ರಾಣ ಇಲ್ಲ ಅಂತ ಅಲ್ಲ.

ಡ್ರೈ ಕ್ಲಚ್‌ಗೆ ಎಣ್ಣೆಯ ತಂಪು ಇಲ್ಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗೇಣು ಗೇಣು ಮುಂದೆ ಹೋಗುವಾಗಲೇ ಅದು ಬಿಸಿಯಾಗಿ ಸವೆಯುವುದು. ಅದರ ಮೇಲೆ 350 ಹಾಕಿದ್ರೆ ಜಾರುವುದಕ್ಕೆ ಶುರು ಮಾಡ್ತದೆ. ಮ್ಯಾಪ್ ಹಾಕಿಸುವ ಮೊದಲೇ ನೋಡಿಕೊಳ್ಳಿ: 4 ಅಥವಾ 5ನೇ ಗೇರ್, ಮ್ಯಾನುವಲ್ ಮೋಡ್, 2000 ಆರ್‌ಪಿಎಂನಿಂದ ಪೂರ್ತಿ ತುಳಿಯಿರಿ. ಸ್ಪೀಡ್ ಏರದೆ ಆರ್‌ಪಿಎಂ ಮಾತ್ರ ಹಾರಿದ್ರೆ ಕ್ಲಚ್ ಆಗಲೇ ಮುಗಿಯುತ್ತಾ ಬಂದಿದೆ. 1ರಿಂದ 2ಕ್ಕೆ ಹೋಗುವಾಗ ಕಾರು ನಡುಗಿದ್ರೂ ಅದೇ ಅರ್ಥ. ಇಂಥ ಕಾರಿಗೆ ರೀಮ್ಯಾಪ್ ಹಾಕಬೇಡಿ, ಮೊದಲು ಕ್ಲಚ್ ಪ್ಯಾಕ್ ಬದಲಿಸಿ. ವೆಟ್ ಕ್ಲಚ್‌ನ (ಎಣ್ಣೆಯಲ್ಲಿ ಮುಳುಗಿರುವ) ಡಿಕ್ಯೂ250 ಅಥವಾ ಡಿಕ್ಯೂ381 ಇರುವ ಕಾರಿನವರಿಗೆ ಈ ಚಿಂತೆ ಕಡಿಮೆ. ಡಿಕ್ಯೂ250ರಲ್ಲಿ 60,000 ಕಿ.ಮೀ.ಗೆ ಎಣ್ಣೆ ಫಿಲ್ಟರ್ ಬದಲಿಸಿದ್ರೆ 350 ಎನ್‌ಎಂ ಅದಕ್ಕೆ ದೊಡ್ಡದಲ್ಲ.

ಸ್ಟೀರಿಂಗ್ ಎಳೆತದ ಬಗ್ಗೆ ಕೇಳಿದ್ರಿ. ಎಂಜಿನ್ ಅಡ್ಡ ಕೂತಿರುವ ಕಾರಿನಲ್ಲಿ ಗೇರ್‌ಬಾಕ್ಸ್ ಒಂದು ಬದಿಗೆ ಇರ್ತದೆ, ಹಾಗಾಗಿ ಎಡ-ಬಲ ಡ್ರೈವ್‌ಶಾಫ್ಟ್‌ಗಳ (ಚಕ್ರ ತಿರುಗಿಸುವ ದಂಡಗಳ) ಉದ್ದ ಒಂದೇ ಇರುವುದಿಲ್ಲ. ಜೋರಾಗಿ ತುಳಿದಾಗ ಮೂತಿ ಎದ್ದು ಎರಡೂ ಶಾಫ್ಟ್‌ಗಳ ಕೋನ ಬೇರೆ ಬೇರೆ ಆಗ್ತದೆ, ಒಂದು ಬದಿಗೆ ತಿರುಗುವ ಬಲ ಹುಟ್ಟುತ್ತದೆ. ಇದು ಕಾರಿನ ಹುಟ್ಟುಗುಣ, ಪೂರ್ತಿ ಹೋಗುವುದಿಲ್ಲ. ಆದರೆ ಗ್ಯಾರೇಜಿಗೆ ಬರುವ ದೂರುಗಳಲ್ಲಿ ಹೆಚ್ಚಿನವು ಬೇರೆ ಕಾರಣದ್ದು.

ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗೆ ಹಿಡಿದಿರುವ ತೋಳಿನ) ಹಿಂದಿನ ರಬ್ಬರ್ ಬುಷ್ ಹರಿದಿದ್ರೆ ತುಳಿದಾಗ ಚಕ್ರ ಮುಂದಕ್ಕೆ ಜಗ್ಗಿ ಟೋ (ಚಕ್ರ ಒಳಗೆ-ಹೊರಗೆ ತಿರುಗಿರುವ ಕೋನ) ಬದಲಾಗ್ತದೆ. ಜ್ಯಾಕ್ ಹಾಕಿ, ಲೀವರ್‌ನಿಂದ ಆರ್ಮ್ ಅಲುಗಿಸಿ ನೋಡಿ, ರಬ್ಬರ್ ಸೀಳು ಕಣ್ಣಿಗೆ ಕಾಣ್ತದೆ. ಕೆಳಗಿನ ಡಾಗ್‌ಬೋನ್ ಮೌಂಟ್ (ಎಂಜಿನ್ ಹೊರಳದಂತೆ ತಡೆಯುವ ರಬ್ಬರ್ ಹಿಡಿಕೆ) ಮೆತ್ತಗಾಗಿದ್ರೆ ಎಂಜಿನ್ ಹಿಂದೆ ಮುಂದೆ ಹೊರಳಿ, ಚಕ್ರ ಹಿಡಿದು ಬಿಟ್ಟು ಹಿಡಿದು ಧಡಧಡ ಹಾರ್ತದೆ. ಆ ಹಾರಾಟದಲ್ಲೇ ಸಿವಿ ಜಾಯಿಂಟ್ (ಡ್ರೈವ್‌ಶಾಫ್ಟ್ ತುದಿಯ ಕೀಲು) ಹೋಗುವುದು. ಅದಕ್ಕೆ ಪಾಲಿಯುರಿಥೇನ್ ಇನ್ಸರ್ಟ್ ಹಾಕಿಸಬಹುದು, ಖರ್ಚು ಹೆಚ್ಚಿಲ್ಲ. ಐಡ್ಲಿಂಗ್‌ನಲ್ಲಿ ಸ್ವಲ್ಪ ಕಂಪನ ಕ್ಯಾಬಿನ್‌ಗೆ ಬರ್ತದೆ, ಮನೆಯವರಿಗೆ ಮೊದಲೇ ಹೇಳಿಡಿ.

ಇನ್ನೊಂದು, ಅಲಾಯ್ ವೀಲ್. ಚಂದ ಕಾಣ್ಲಿಕ್ಕೆ ಆಫ್‌ಸೆಟ್ (ರಿಮ್ಮಿನ ನಡುಮಧ್ಯದಿಂದ ಹಬ್‌ಗೆ ಕೂರುವ ಮುಖಕ್ಕೆ ಇರುವ ದೂರ, ಮಿ.ಮೀ.ನಲ್ಲಿ) ಇಟಿ 50ರ ಆಸುಪಾಸಿನಿಂದ 35ಕ್ಕೆ ಇಳಿಸ್ತಾರೆ. ಚಕ್ರದ ನಡುಮಧ್ಯ 15 ಮಿ.ಮೀ. ಹೊರಗೆ ಹೋಗ್ತದೆ. ಸ್ಟೀರಿಂಗ್ ತಿರುಗುವ ಅಕ್ಷದಿಂದ ಚಕ್ರದ ಮಧ್ಯ ಎಷ್ಟು ದೂರವೋ ಅಷ್ಟು ಸನ್ನೆ ಉದ್ದ ಆಯಿತು, ಎರಡು ಚಕ್ರದ ಎಳೆತದಲ್ಲಿ ಸಣ್ಣ ವ್ಯತ್ಯಾಸ ಬಂದ್ರೂ ನೇರ ನಿಮ್ಮ ಕೈಗೆ ಬರ್ತದೆ. ಆಫ್‌ಸೆಟ್ ಕಂಪನಿಯದ್ದೇ ಇರಲಿ. ಫೋರ್ಡ್ ಫೋಕಸ್ ಆರ್‌ಎಸ್ 2009ರಲ್ಲಿ 305 ಪಿಎಸ್ ಮುಂದಿನ ಚಕ್ರಕ್ಕೇ ಕೊಟ್ಟದ್ದು ಈ ದೂರವನ್ನು ಕಡಿಮೆ ಮಾಡುವ ರೆವೊನಕಲ್ ಎಂಬ ಸಸ್ಪೆನ್ಷನ್ ಜೋಡಣೆ ಹಾಕಿ. ಹೋಂಡಾ ಸಿವಿಕ್ ಟೈಪ್ ಆರ್‌ನ ಡ್ಯುಯಲ್ ಆಕ್ಸಿಸ್ ಸ್ಟ್ರಟ್ ಕೂಡ ಇದೇ ಕೆಲಸಕ್ಕೆ. ನಮ್ಮ ಸಾಮಾನ್ಯ ಸ್ಟ್ರಟ್‌ಗೆ ಆ ಅನುಕೂಲ ಇಲ್ಲ, ಇರುವುದನ್ನಾದ್ರೂ ಹಾಳು ಮಾಡದೆ ಇಟ್ಟುಕೊಳ್ಳಬೇಕು.

ಸ್ಟುಟ್‌ಗಾರ್ಟ್_ಕನ್ನಡಿಗ

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಇಲ್ಲಿ ಸಿವಿಕ್ ಟೈಪ್ ಆರ್ (2023ರ ಮಾದರಿ 329 ಪಿಎಸ್), ಹಿಂದಿನ ಐ30 ಎನ್ ಪರ್ಫಾರ್ಮೆನ್ಸ್‌ನಂಥ ಫ್ರಂಟ್ ವೀಲ್ ಡ್ರೈವ್ ಕಾರುಗಳನ್ನು ಜನ ಮಕ್ಕಳ ಸೀಟು ಕಟ್ಟಿಕೊಂಡು ದಿನಾ ಓಡಿಸುತ್ತಾರೆ. ಅದು ಸಾಧ್ಯವಾಗುವುದು ಸಸ್ಪೆನ್ಷನ್, ಎಲ್‌ಎಸ್‌ಡಿ, ಬ್ರೇಕ್, ಕೂಲಿಂಗ್ ಎಲ್ಲವೂ ಆ ಪವರ್‌ಗೆ ತಕ್ಕಂತೆ ಒಟ್ಟಿಗೆ ಬಂದಿರುವುದರಿಂದ. ಆದ್ದರಿಂದ “300 ಪಿಎಸ್ ಫ್ರಂಟ್ ವೀಲ್ ಡ್ರೈವ್ ಚೆನ್ನಾಗಿ ಓಡುತ್ತದೆ” ಎಂಬ ವಿಮರ್ಶೆ ಓದಿ, ಬರೀ ಸಾಫ್ಟ್‌ವೇರ್ ಬದಲಿಸಿದ ಕಾರಿಗೆ ಅದನ್ನೇ ಅನ್ವಯಿಸಬೇಡಿ.

ಎಲ್‌ಎಸ್‌ಡಿ ವಿಷಯ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಟಾರ್ಕ್ ಕೊಡುತ್ತದೆ. ಹೇರ್‌ಪಿನ್ ಹತ್ತುವಾಗ ಒಳಗಿನ ಚಕ್ರದ ಮೇಲೆ ಭಾರ ಕಡಿಮೆ, ಅದು ಜಾರಿದರೆ ಹೊರಗಿನದಕ್ಕೂ ಅಷ್ಟೇ ಸಿಗುತ್ತದೆ. ನಿಮ್ಮ ಕಾರಿನ ಎಲೆಕ್ಟ್ರಾನಿಕ್ ವ್ಯವಸ್ಥೆ ಜಾರುವ ಚಕ್ರಕ್ಕೆ ಬ್ರೇಕ್ ಹಾಕಿ ಇದನ್ನು ನಿಭಾಯಿಸುತ್ತದೆ. ಒಂದೆರಡು ತಿರುವಿಗೆ ಸಾಕು, ಉದ್ದ ಘಾಟಿಯಲ್ಲಿ ಜೋರಾಗಿ ಹತ್ತಿದರೆ ಮುಂದಿನ ಬ್ರೇಕ್ ಪ್ಯಾಡ್ ಬಿಸಿಯಾಗುತ್ತದೆ. ಹೆಲಿಕಲ್ ಎಲ್‌ಎಸ್‌ಡಿ (ಕ್ವೈಫ್, ಟಾರ್ಸೆನ್ ಮಾದರಿ) ಸದ್ದಿಲ್ಲದೆ ಕೆಲಸ ಮಾಡುತ್ತದೆ, ಸವೆಯುವ ಪ್ಲೇಟ್ ಇಲ್ಲ. ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಮಾತ್ರ ಅದು ಕೈಕೊಡುತ್ತದೆ. ಪ್ಲೇಟ್ ಮಾದರಿ ರಸ್ತೆ ಕಾರಿಗೆ ಬೇಡ: ಪಾರ್ಕಿಂಗ್‌ನಲ್ಲಿ ಕಟಕಟ ಸದ್ದು, ಎಣ್ಣೆ ಬೇಗ ಬದಲಿಸಬೇಕು.

ಎಲ್‌ಎಸ್‌ಡಿ ಹಾಕಿದರೆ ಸ್ಟೀರಿಂಗ್ ಎಳೆತ ಕಡಿಮೆಯಾಗುತ್ತದೆ ಎಂದು ಹಲವರು ನಂಬಿದ್ದಾರೆ. ಉಬ್ಬುತಗ್ಗಿನ ರಸ್ತೆಯಲ್ಲಿ ಅದು ಹೆಚ್ಚೂ ಆಗಬಹುದು. ಗ್ರಿಪ್ ಇರುವ ಬದಿಗೆ ಟಾರ್ಕ್ ಹೋದಾಗ ಮೂತಿ ಆ ಕಡೆಯ ಬಲದಿಂದ ತಿರುಗುತ್ತದೆ, ಎರಡೂ ಕೈ ಸ್ಟೀರಿಂಗ್ ಮೇಲಿರಬೇಕು. ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕಾದ ಕೆಲಸ ಇದು, ಮಜೂರಿಯೂ ದೊಡ್ಡದು. ನಿಮ್ಮ ಓಡಾಟಕ್ಕೆ ನಾನಾಗಿ ಇದನ್ನು ಸೂಚಿಸುವುದಿಲ್ಲ. ಆ ಹಣ ಟೈರ್‌ಗೆ ಹಾಕಿ. 205/55 ಆರ್16 ಇದ್ದರೆ 225/45 ಆರ್17 ವ್ಯಾಸದಲ್ಲಿ 3 ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸ, ಸ್ಪೀಡೋಮೀಟರ್ ತಪ್ಪುವುದಿಲ್ಲ. ಸೈಡ್‌ವಾಲ್ ಮಾತ್ರ 113ರಿಂದ 101 ಮಿ.ಮೀ.ಗೆ ಇಳಿಯುತ್ತದೆ, ಗುಂಡಿಯಲ್ಲಿ ರಿಮ್ ಜೋಪಾನ. ಮೈಲೇಜ್‌ಗೆಂದು ಮಾಡಿದ ಗಟ್ಟಿ ಟೈರ್ ತೆಗೆದು ಮೆತ್ತನೆ ಕಾಂಪೌಂಡ್‌ನದು (ಪೈಲಟ್ ಸ್ಪೋರ್ಟ್ 4ನಂಥದ್ದು) ಹಾಕಿದರೆ ಮಳೆಯಲ್ಲಿ ಸಿಗುವ ಲಾಭ ಯಾವ ಎಲ್‌ಎಸ್‌ಡಿಗಿಂತ ದೊಡ್ಡದು. 8,000 ಕಿ.ಮೀ.ಗೊಮ್ಮೆ ಹಿಂದೆ ಮುಂದೆ ಬದಲಿಸಿ, ಇಲ್ಲದಿದ್ದರೆ ಮುಂದಿನ ಜೋಡಿ ಬಹಳ ಬೇಗ ಬೋಳಾಗುತ್ತದೆ. ಹೊಸದು ಎರಡೇ ತಂದರೆ ಹಿಂದಕ್ಕೆ ಹಾಕಿ, ಒದ್ದೆ ತಿರುವಿನಲ್ಲಿ ಹಿಂಭಾಗ ಜಾರುವುದು ಮುಂಭಾಗ ಜಾರುವುದಕ್ಕಿಂತ ಅಪಾಯ.

ಹೆಬ್ಬಾಳ_ಟು_ಹಾಸನ

ತುಂಬಾ ಉಪಕಾರ ಆಯ್ತು. ಕ್ಲಚ್ ಟೆಸ್ಟ್ ಮೊದಲು ಮಾಡಿಸ್ತೀನಿ. ಹಾಗಾದ್ರೆ 350 ಬಿಟ್ಟು ಕಡಿಮೆ ಟಾರ್ಕ್‌ನ ಮ್ಯಾಪ್ ಬರೆಸಿದ್ರೆ ಏನಾದ್ರೂ ಪ್ರಯೋಜನ ಇರುತ್ತಾ, ಅಥವಾ ಹಾಗೇ ಬಿಡೋದೇ ವಾಸಿನಾ? ಇನ್ಶೂರೆನ್ಸ್ ಕಥೆ ಏನು?

ಮೂರನೇ_ಗೇರು

ಪ್ರಯೋಜನ ಖಂಡಿತ ಇದೆ. ಪವರ್ ಅಂದ್ರೆ ಟಾರ್ಕ್ ಗುಣಿಸು ಆರ್‌ಪಿಎಂ, ಭಾಗಿಸು 7023 (ಎನ್‌ಎಂನಿಂದ ಪಿಎಸ್‌ಗೆ). ಕೆಳಗೆ ಟಾರ್ಕ್ ಏರಿಸದೆ ಮೇಲಿನ ಆರ್‌ಪಿಎಂನಲ್ಲಿ ಬೀಳದ ಹಾಗೆ ಹಿಡಿದಿಟ್ಟರೂ ಪಿಎಸ್ ಬರುತ್ತೆ. 5500ರಲ್ಲಿ 270 ಎನ್‌ಎಂ ಉಳಿದ್ರೆ 211 ಪಿಎಸ್. ನಿಮ್ಮ ಕಾರಿಗೆ ನಾನು ಬರೆಸೋದು ಹೀಗೆ: 1ರಲ್ಲಿ ಕಂಪನಿಯಷ್ಟೇ, 2ರಲ್ಲಿ 260, 3ರಿಂದ ಮೇಲೆ 290ಕ್ಕೆ ಮುಚ್ಚಳ, 4500 ಆದ ಮೇಲೆ ಮೆಲ್ಲಗೆ ಇಳಿತ. ಆಗಲೂ ಡಿಕ್ಯೂ200ರ 250ರ ಗಡಿ ದಾಟ್ತೀರಿ, ಕ್ಲಚ್ ಆಯಸ್ಸು ಸ್ವಲ್ಪ ಕಡಿಮೆಯಾಗೇ ಆಗುತ್ತೆ, ಅದಕ್ಕೆ ಒಪ್ಪಿ ಮಾಡಿಸಿ. ಟ್ರಾಫಿಕ್‌ನಲ್ಲಿ ಬ್ರೇಕ್ ಗಟ್ಟಿಯಾಗಿ ಹಿಡಿದು ನಿಲ್ಲಿ, ಆಗ ಕ್ಲಚ್ ಬಿಡುಗಡೆಯಾಗುತ್ತೆ. ಮುಂದೆ ಒಂದು ಕಾರಿನಷ್ಟು ಜಾಗ ಆದ್ಮೇಲೆ ಹೊರಡಿ. ಏರಿನಲ್ಲಿ ಆಕ್ಸಿಲರೇಟರ್‌ನಿಂದ ಕಾರು ನಿಲ್ಲಿಸಿಕೊಳ್ಳೋದು ಬೇಡವೇ ಬೇಡ.

ಇನ್ಶೂರೆನ್ಸ್: ಕಂಪನಿಗೆ ಲಿಖಿತವಾಗಿ ತಿಳಿಸಿ, ಅವರ ಉತ್ತರ ಕೈಯಲ್ಲಿರಲಿ. ತಿಳಿಸದ ಬದಲಾವಣೆ ಕ್ಲೇಮ್ ತಿರಸ್ಕರಿಸೋಕೆ ಅವರಿಗೆ ಕಾರಣ ಆಗುತ್ತೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಆರ್‌ಸಿ ವಿವರಕ್ಕೆ ಹೊಂದದ ಮಾರ್ಪಾಡನ್ನು ಒಪ್ಪೋದಿಲ್ಲ, ಆರ್‌ಟಿಒದಲ್ಲಿ ಕೇಳಿಕೊಳ್ಳೋದು ಒಳ್ಳೇದು. ವಾರಂಟಿಯಲ್ಲಿರೋ ಕಾರಿನವರು ಗಮನಿಸಿ, ಡೀಲರ್ ಕಂಪ್ಯೂಟರ್‌ಗೆ ಹಾಕಿದಾಗ ಬದಲಾದ ಸಾಫ್ಟ್‌ವೇರ್ ಸಿಕ್ಕಿಬೀಳುತ್ತೆ. ಹಳೇ ಫೈಲ್ ವಾಪಸ್ ಹಾಕಿದ್ರೂ ಗುರುತು ಉಳಿಯಬಹುದು.

ಕುಡ್ಲ_ಗ್ಯಾರೇಜ್

ಮ್ಯಾಪ್ ದಿನ ಮಾಡಬೇಕಾದ್ದು ಬರೆದುಕೊಳ್ಳಿ. ಸ್ಪಾರ್ಕ್ ಪ್ಲಗ್ ಹೊಸತು, ಗ್ಯಾಪ್ 0.7 ಮಿ.ಮೀ., ಇನ್ನು ಮೇಲೆ 20,000 ಕಿ.ಮೀ.ಗೊಮ್ಮೆ ಬದಲು. ಮ್ಯಾಪ್ 95 ಆಕ್ಟೇನ್‌ಗೆ ಬರೆಸಿದ್ರೆ ಯಾವಾಗಲೂ ಎಕ್ಸ್‌ಪಿ95 (ಇಂಡಿಯನ್ ಆಯಿಲ್‌ನ 95 ಆಕ್ಟೇನ್ ಪೆಟ್ರೋಲ್) ಅಥವಾ ಅದಕ್ಕಿಂತ ಮೇಲಿನದ್ದೇ ಹಾಕಬೇಕು. ಘಟ್ಟದ ದಾರಿಯ ಸಣ್ಣ ಬಂಕ್‌ಗಳಲ್ಲಿ ಅದು ಸಿಗ್ಲಿಕ್ಕಿಲ್ಲ, ಹಾಸನದಲ್ಲೇ ಟ್ಯಾಂಕ್ ತುಂಬಿಸಿ. ಬ್ರೇಕ್ ಆಯಿಲ್ ಡಾಟ್ 4, ಎರಡು ವರ್ಷ ಆಗಿದ್ರೆ ಬದಲಿಸದೆ ಶಿರಾಡಿ ಇಳಿಯಬೇಡಿ.

ಆಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ, ಎಂಜಿನ್ ಚೆನ್ನಾಗಿ ಕಾದ ಮೇಲೆ, 3ನೇ ಗೇರ್‌ನಲ್ಲಿ 2000ದಿಂದ 6000ದವರೆಗೆ ಒಂದು ಲಾಗ್ (ಎಂಜಿನ್ ಸೆನ್ಸರ್ ಅಂಕಿಗಳ ದಾಖಲೆ) ತೆಗೆಸಿ. ನಾಲ್ಕೂ ಸಿಲಿಂಡರ್‌ನ ಟೈಮಿಂಗ್ ಹಿಂದೆಗೆತ (ನಾಕಿಂಗ್ ತಡೆಯಲು ಎಂಜಿನ್ ಕಿಡಿಯನ್ನು ಎಷ್ಟು ತಡ ಮಾಡ್ತದೆ ಅಂತ) ನೋಡಿ. ಒಂದೆರಡು ಡಿಗ್ರಿ ಪರವಾಗಿಲ್ಲ. ಮತ್ತೆ ಮತ್ತೆ 4 ಡಿಗ್ರಿ ದಾಟಿದ್ರೆ ಪೆಟ್ರೋಲ್ ಅಥವಾ ಇಂಟರ್‌ಕೂಲರ್ ಆ ಮ್ಯಾಪ್‌ಗೆ ಸಾಲುವುದಿಲ್ಲ ಅಂತ. ಬೂಸ್ಟ್ (ಟರ್ಬೊ ಗಾಳಿಯ ಒತ್ತಡ) ಇಳಿಸಿ ಕೊಡ್ಲಿಕ್ಕೆ ಅಲ್ಲೇ ಹೇಳಿ, ಫೈಲ್ ಸರಿ ಆಗುವವರೆಗೆ ಬಾಕಿ ದುಡ್ಡು ಕೊಡಬೇಡಿ.